ಟಿಕೆಟ್ ಕೊಳ್ಳುವ ಮೊದಲು ಕೇಳಬೇಕಾದ್ದು

ಚಿ. ಮೇಘನಾಗೆ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ಹೊರದೇಶದ ಲ್ಯಾಬ್‌ನಲ್ಲಿ ಕೆಲವು ತಿಂಗಳು ಸಂಶೋಧನೆ ಮಾಡಲು ನಿನಗೆ ಅವಕಾಶ ಸಿಕ್ಕಿದೆ ಅಂತ ಅಕ್ಕ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ಹೋಗಿಬರುವ ಖರ್ಚು, ಇರುವ ಖರ್ಚು ಎಲ್ಲಾ ಅವರೇ ಕೊಡುತ್ತಾರಂತೆ ಅಂದಳು. ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಅಂತ ಕೇಳಿದರೆ ಅವಳಿಗೆ ಗೊತ್ತಿಲ್ಲ. ನೀನೂ ಇನ್ನೂ ಕೇಳಿಲ್ಲ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟು ವರ್ಷ ನಾನು ಮಾಡಿಕೊಂಡು ಬಂದ ಕೆಲಸವೇ ಇದು. ಸಂಶೋಧಕರು ಹಾಕುವ ಪ್ರಯಾಣದ ಬಿಲ್ಲುಗಳನ್ನು ನೋಡಿ ಪಾಸ್ ಮಾಡುವುದು. ಮೋಸದ ಬಿಲ್ಲು ಹಾಕಿದವರು ಕಡಿಮೆ. ನಿಯತ್ತಾಗಿ ಖರ್ಚು ಮಾಡಿ, ಮೊದಲೇ ಒಂದು ಮಾತು ಕೇಳದೆ ಕೈ ಸುಟ್ಟುಕೊಂಡ ಮಕ್ಕಳೇ ಜಾಸ್ತಿ. ಹೊಟ್ಟೆ ಉರಿಯುತ್ತದೆ, ಆದರೆ ನಿಯಮ ಮೀರಿ ಸಹಿ ಹಾಕಲು ನಮಗೂ ಆಗುವುದಿಲ್ಲ.

ದೊಡ್ಡ ಪ್ರೊಫೆಸರ್ ಹತ್ತಿರ ದುಡ್ಡಿನ ಮಾತು ಎತ್ತುವುದು ಹೇಗೆ ಅನ್ನುವ ಸಂಕೋಚ ನಿನಗಿದೆ ಅಂತ ಗೊತ್ತು. ಅದನ್ನು ಬಿಡು. ಅವರೂ ಅವರ ಆಫೀಸಿಗೆ ಇದೇ ಪ್ರಶ್ನೆ ಕೇಳಿಯೇ ಓಡಾಡುವುದು. ಪ್ರೊಫೆಸರ್‌ಗೆ ಎಷ್ಟೋ ಸಲ ನಿಯಮ ಪೂರ್ತಿ ಗೊತ್ತಿರುವುದಿಲ್ಲ. "ಎಲ್ಲಾ ನೋಡಿಕೊಳ್ಳೋಣ ಬಾ" ಅಂತ ಮನಸ್ಸಾರೆ ಹೇಳಿರುತ್ತಾರೆ, ಆದರೆ ದುಡ್ಡು ಬಿಡುಗಡೆ ಮಾಡುವವರು ಬೇರೆ. ಹಾಗಾಗಿ ಇಮೇಲ್ ಬರಿ, ಆ ವಿಭಾಗದ ಆಫೀಸಿಗೂ ಒಂದು ಪ್ರತಿ ಹಾಕು. ಸುತ್ತಿ ಬಳಸಿ ಬರೆಯಬೇಡ. ಹೀಗಿದ್ದರೆ ಸಾಕು: "ನನ್ನ ಪ್ರಯಾಣ ಮತ್ತು ವಾಸದ ವೆಚ್ಚ ಯಾವ ಅನುದಾನದಿಂದ ಬರುತ್ತದೆ? ಟಿಕೆಟ್ ನೀವೇ ಕೊಳ್ಳುತ್ತೀರಾ, ನಾನು ಕೊಂಡು ಆಮೇಲೆ ಕ್ಲೈಮ್ ಮಾಡಬೇಕಾ? ಗರಿಷ್ಠ ಮಿತಿ ಎಷ್ಟು? ಮುಂಗಡ ಸಿಗುತ್ತದೆಯೇ?" ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ ಹೇಳಿದರೆ, "ನೀವು ಹೇಳಿದ್ದು ಹೀಗೆ ಅಂತ ತಿಳಿದುಕೊಂಡಿದ್ದೇನೆ" ಅಂತ ನೀನೇ ಬರೆದು ಕಳಿಸು.

ಇದರಲ್ಲಿ ಮೊದಲು ತಿಳಿಯಬೇಕಾದ್ದು, ಅವರು ಕೊಡುವುದು ಇಡಿಗಂಟೋ, ನಿಜವಾಗಿ ಆದ ಖರ್ಚೋ ಅನ್ನುವುದು. ಓದಲು, ಕಲಿಯಲು ಬೇರೆ ದೇಶಕ್ಕೆ ಹೋಗುವವರಿಗೆ ಹಣ ಕೊಡುವ ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಪ್ರಯಾಣದ ಹಣವನ್ನು ದೂರದ ಲೆಕ್ಕದಲ್ಲಿ ಮೊದಲೇ ನಿಗದಿ ಮಾಡಿರುತ್ತಾರೆ. ಅಲ್ಲಿ ಟಿಕೆಟ್ ಅಗ್ಗಕ್ಕೆ ಸಿಕ್ಕಿದರೂ ದುಬಾರಿಯಾದರೂ ನಿನಗೆ ಬರುವುದು ಅಷ್ಟೇ. ನೀನು ಹೋಗಿ ಇದ್ದೆ ಅನ್ನುವ ಸರ್ಟಿಫಿಕೇಟ್ ಮುಖ್ಯ, ಊಟದ ಬಿಲ್ಲು ಯಾರೂ ಕೇಳುವುದಿಲ್ಲ. ನಿಜವಾದ ಖರ್ಚು ಕೊಡುವ ಕಡೆ ಇದು ಪೂರ್ತಿ ತಿರುಗುಮುರುಗು. ಅಲ್ಲಿ ರಸೀದಿ ಇಲ್ಲದಿದ್ದರೆ ಖರ್ಚೇ ಆಗಿಲ್ಲ ಅಂತ ಲೆಕ್ಕ. ದಿನಭತ್ಯೆ ಕೊಡುವ ಕಡೆಯೂ ಒಳನಿಯಮ ಇರುತ್ತದೆ. ಅಮೆರಿಕದ ಸರ್ಕಾರಿ ದರದ ಪ್ರಕಾರ ಊಟದ ಭತ್ಯೆ ಹೊರಡುವ ದಿನಕ್ಕೂ ವಾಪಸ್ ಬರುವ ದಿನಕ್ಕೂ ಶೇಕಡ 75 ಮಾತ್ರ. ಅವರೇ ಊಟ ಹಾಕಿಸಿದ ದಿನ ಆ ಊಟದ ಭಾಗ ಕಡಿತವಾಗುತ್ತದೆ.

ಒಪ್ಪಿಗೆ ಪತ್ರ ಕೈಗೆ ಬರುವ ಮೊದಲು ಟಿಕೆಟ್ ಕೊಳ್ಳಬೇಡ. ದರ ಏರುತ್ತಿದೆ ಅಂತ ಮನಸ್ಸು ಚಡಪಡಿಸುತ್ತದೆ, ಆದರೂ ತಡಿ. ಮಂಜೂರಾತಿಗಿಂತ ಮುಂಚಿನ ತಾರೀಖಿನ ಖರ್ಚನ್ನು ಎಷ್ಟೋ ಅನುದಾನಗಳು ಒಪ್ಪುವುದೇ ಇಲ್ಲ. ಯಾವ ವಿಮಾನ ಅನ್ನುವುದನ್ನೂ ಕೇಳಿಕೋ. ಅಮೆರಿಕದ ಫೆಡರಲ್ ಹಣವಾದರೆ, ಅಂದರೆ ಅಲ್ಲಿಯ ಕೇಂದ್ರ ಸರ್ಕಾರದ ಹಣವಾದರೆ, ಫ್ಲೈ ಅಮೆರಿಕಾ ಕಾಯ್ದೆ ಇದೆ. ಕೆಲವು ವಿನಾಯಿತಿ ಬಿಟ್ಟರೆ ಅಮೆರಿಕದ ವಿಮಾನ ಸಂಸ್ಥೆಯ ಟಿಕೆಟ್ಟೇ ಆಗಬೇಕು. ಅಗ್ಗ ಅಂತ ಬೇರೆಯದು ಕೊಂಡರೆ ಪೂರ್ತಿ ದುಡ್ಡು ನಿನ್ನ ತಲೆ ಮೇಲೆ. ಕೆಲಸ ಮುಗಿದ ಮೇಲೆ ನಾಲ್ಕು ದಿನ ಸುತ್ತಾಡುವ ಆಸೆ ಇದ್ದರೆ ಖಂಡಿತ ಸುತ್ತಾಡು. ಆದರೆ ಸುತ್ತಾಟದಿಂದ ಟಿಕೆಟ್ ದರ ಏರಲಿಲ್ಲ ಅಂತ ಆಮೇಲೆ ತೋರಿಸಲು, ಟಿಕೆಟ್ ಕೊಳ್ಳುವ ದಿನವೇ, ಕೆಲಸದ ತಾರೀಖಿಗಷ್ಟೇ ಹೋಗಿಬಂದರೆ ಎಷ್ಟಾಗುತ್ತಿತ್ತು ಅನ್ನುವ ದರದ ಸ್ಕ್ರೀನ್‌ಶಾಟ್ ತೆಗೆದಿಡು. ತಿಂಗಳಾದ ಮೇಲೆ ಆ ದರ ಯಾರಿಗೂ ಸಿಗುವುದಿಲ್ಲ.

ನನಗೆ ಎಲ್ಲಕ್ಕಿಂತ ಚಿಂತೆ ಇರುವುದು ಮೊದಲ ಎರಡು ಮೂರು ತಿಂಗಳ ಬಗ್ಗೆ. ವೀಸಾ ಶುಲ್ಕ, ವಿಮೆ, ಟಿಕೆಟ್, ರೂಮಿನ ಅಡ್ವಾನ್ಸ್, ಮೊದಲ ಬಾಡಿಗೆ ಎಲ್ಲಾ ಒಟ್ಟಿಗೇ ಬಂದು ಕೂರುತ್ತವೆ. ಮರುಪಾವತಿ ಬರುವುದು ಎಷ್ಟೋ ಕಡೆ ವಾಪಸ್ ಬಂದು ವರದಿ ಕೊಟ್ಟ ಮೇಲೆ. ಸಂಶೋಧಕರ ಸಹಕಾರಕ್ಕೆ ಹಣ ಕೊಡುವ ಯುರೋಪಿನ ಕಾಸ್ಟ್ (COST) ಕಾರ್ಯಕ್ರಮದ ಅಲ್ಪಾವಧಿ ಭೇಟಿಗಳಲ್ಲೂ ವರದಿ ಒಪ್ಪಿಗೆಯಾದ ಮೇಲೆಯೇ ಬಾಕಿ ಹಣ. ಅಲ್ಲಿಯವರೆಗೆ ಓಡುವುದು ನಿನ್ನ ದುಡ್ಡು. ಆದ್ದರಿಂದ ಟಿಕೆಟ್ ಅವರೇ ನೇರವಾಗಿ ಕೊಳ್ಳಲಿ, ಆಗದಿದ್ದರೆ ಮುಂಗಡ ಕೊಡಲಿ ಅಂತ ಕೇಳು. ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಂತ ನೇರವಾಗಿ ಬರಿ. ಹಾಗೆ ಬರೆದವರಿಗೆ ದಾರಿ ಮಾಡಿಕೊಟ್ಟ ಆಫೀಸುಗಳನ್ನು ನಾನು ನೋಡಿದ್ದೇನೆ. ಬಾಯಿ ಬಿಡದೆ ಕ್ರೆಡಿಟ್ ಕಾರ್ಡಿನ ಬಡ್ಡಿ ಕಟ್ಟಿದವರಿಗೆ ಆ ಬಡ್ಡಿ ಎಲ್ಲೂ ವಾಪಸ್ ಸಿಗುವುದಿಲ್ಲ. ಮುಂಗಡವೂ ಸಿಗದಿದ್ದರೆ ನನಗೆ ಹೇಳು, ಮನೆಯವರೇ ಒಂದು ದಾರಿ ನೋಡೋಣ. ಹೊರಗಿನ ಸಾಲಕ್ಕೆ ಮಾತ್ರ ಹೋಗಬೇಡ.

ಇನ್ನು ರಸೀದಿ. ಬಿಲ್ಲು ವಾಪಸ್ ಹೋಗುವುದು ಹೆಚ್ಚಾಗಿ ಇಲ್ಲೇ. ಕಾರ್ಡ್ ಉಜ್ಜಿದಾಗ ಬರುವ ಸಣ್ಣ ಚೀಟಿ ರಸೀದಿ ಅಲ್ಲ. ದುಡ್ಡು ಹೋಯಿತು ಅಂತ ಅದು ಹೇಳುತ್ತದೆ, ಯಾತಕ್ಕೆ ಅಂತ ಹೇಳುವುದಿಲ್ಲ. ಹೋಟೆಲ್ ಬುಕಿಂಗ್ ದೃಢೀಕರಣವೂ ಅಷ್ಟೇ. ರೂಮು ಬಿಡುವಾಗ ಕೌಂಟರಿನಲ್ಲಿ ನಿಂತು ನಿನ್ನ ಹೆಸರು, ತಾರೀಖುಗಳು, ಪಾವತಿಯಾದ ಮೊತ್ತ ಇರುವ ಬಿಲ್ಲು ಕೇಳಿ ತಗೋ. ಗೆಳತಿಯ ಜೊತೆ ರೂಮು ಹಂಚಿಕೊಂಡರೆ ಇಬ್ಬರ ಹೆಸರಿಗೂ ಬೇರೆ ಬೇರೆ ಬಿಲ್ಲು ಮಾಡಿಸು. ಬಸ್ಸು, ಟ್ರೈನಿನ ಚೀಟಿಗಳನ್ನು ಬಿಸಿ ತಾಗಿದರೆ ಅಕ್ಷರ ಮೂಡುವ ಕಾಗದದಲ್ಲಿ ಅಚ್ಚು ಹಾಕಿರುತ್ತಾರೆ. ಪರ್ಸಿನಲ್ಲಿಟ್ಟ ಕೆಲವು ವಾರಕ್ಕೇ ಅಕ್ಷರ ಮಾಸಿ ಖಾಲಿ ಹಾಳೆಯಾಗುತ್ತದೆ. ಅವತ್ತವತ್ತೇ ಫೋಟೋ ತೆಗೆ, ಫೈಲಿನ ಹೆಸರಲ್ಲೇ ತಾರೀಖು, ಮೊತ್ತ ಬರಿ. ಬೋರ್ಡಿಂಗ್ ಪಾಸ್ ಕೂಡ ಎಸೆಯಬೇಡ. ಅದು ಫೋನಿನಲ್ಲಿದ್ದರೆ ಪ್ರಯಾಣ ಮುಗಿದ ಮೇಲೆ ಮಾಯವಾಗಬಹುದು, ಮೊದಲೇ ಉಳಿಸಿಕೋ.

ಅಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ನಿನ್ನ ದೇಶದ ಹಣದಲ್ಲಿ ಕಟ್ಟುತ್ತೀಯಾ ಅಂತ ಕೇಳಿದರೆ ಬೇಡ ಅನ್ನು, ಅಲ್ಲಿಯ ಹಣದಲ್ಲೇ ಕಟ್ಟು. ಇಲ್ಲದಿದ್ದರೆ ಅವರು ಹೇಳಿದ ವಿನಿಮಯ ದರಕ್ಕೆ ತಲೆಬಾಗಬೇಕು. ಬ್ಯಾಂಕ್ ವಿವರ ಕೊಡುವಾಗ ಪಾಸ್‌ಪೋರ್ಟಿನ ಹೆಸರು, ಖಾತೆಯ ಹೆಸರು ಒಂದೇ ಇದೆಯಾ, ಹೊರದೇಶದ ಹಣ ಬರಲು ಬೇಕಾದ ಬ್ಯಾಂಕಿನ ಗುರುತು, ಅಂದರೆ ಸ್ವಿಫ್ಟ್ ಕೋಡ್, ಸರಿಯಿದೆಯಾ ನೋಡು. ನಡುವಿನ ಬ್ಯಾಂಕು ಶುಲ್ಕ ಹಿಡಿದರೆ ಅದು ಯಾರ ಲೆಕ್ಕಕ್ಕೆ ಅಂತಲೂ ಕೇಳಿಡು. ತೆರಿಗೆಯ ವಿಷಯವೂ ಹಾಗೇ. ಒಂದೇ ಹಣವನ್ನು ರಸೀದಿಯ ಮೇಲೆ ಕೊಟ್ಟರೆ ಒಂದು ರೀತಿ, ಸ್ಟೈಪೆಂಡ್ ಅಂತ ಕೊಟ್ಟರೆ ಇನ್ನೊಂದು ರೀತಿ ಆಗಬಹುದು.

ವಾಪಸ್ ಬಂದ ವಾರದಲ್ಲೇ ಕ್ಲೈಮ್ ಹಾಕು. ಅಮೆರಿಕದಲ್ಲಿ ಖರ್ಚಾದ 60 ದಿನದೊಳಗೆ ಲೆಕ್ಕ ಕೊಟ್ಟರೆ ಸರಿ ಅಂತ ತೆರಿಗೆ ಇಲಾಖೆ ಒಪ್ಪುವುದರಿಂದ, ಅಲ್ಲಿಯ ಅನೇಕ ವಿಶ್ವವಿದ್ಯಾಲಯಗಳು ಅದನ್ನೇ ಗಡುವಾಗಿ ಇಟ್ಟುಕೊಂಡಿವೆ. ಹಣ ತಡವಾದರೆ ಎರಡು ವಾರಕ್ಕೊಮ್ಮೆ ನೆನಪಿಸು. ಕ್ಲೈಮ್ ನಂಬರು ಬರೆದು ಕೇಳು, ಯಾರ ಟೇಬಲ್ ಮೇಲಿದೆ ಅಂತ ಬೇಗ ಸಿಗುತ್ತದೆ. ನೆನಪಿಸಿದ್ದಕ್ಕೆ ನಾನಾಗಲಿ ನನ್ನ ಜೊತೆಯವರಾಗಲಿ ಯಾರ ಮೇಲೂ ಬೇಸರ ಮಾಡಿಕೊಂಡದ್ದಿಲ್ಲ.

ಆಹ್ವಾನ ಪತ್ರವನ್ನೂ, ಖರ್ಚಿನ ನಿಯಮದ ಕಾಗದ ಏನಿದೆಯೋ ಅದನ್ನೂ ನನಗೆ ಕಳಿಸು. ಭಾನುವಾರ ಫೋನ್ ಮಾಡು, ಇಬ್ಬರೂ ಕೂತು ಸಾಲು ಸಾಲಾಗಿ ಓದೋಣ. ಆಮೇಲೆ ಆ ಇಮೇಲ್ ಬರೆಯುವಿಯಂತೆ.

ಇಂತಿ,
ನಿನ್ನ ಚಿಕ್ಕಮ್ಮ