ಭವಿಷ್ಯ ಹೇಳುವುದೇ ಅಳತೆಗೋಲೇ?

ಸಂಪಾದಕರಿಗೆ,

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ವೈಜ್ಞಾನಿಕ ಕಾದಂಬರಿಗಳ ಪಟ್ಟಿ ಓದಿದೆ. ಯಾವ ಲೇಖಕ ಯಾವ ಯಂತ್ರವನ್ನು ಎಷ್ಟು ಮೊದಲೇ ಊಹಿಸಿದ್ದ ಎಂಬುದರ ಮೇಲೆಯೇ ಅಲ್ಲಿ ಪುಸ್ತಕಗಳನ್ನು ಆರಿಸಿದಂತಿದೆ. ಭವಿಷ್ಯ ಹೇಳೋಕೆ ಜ್ಯೋತಿಷಿಗಳು ಸಾಲದೇ?

ಸ್ಟಾನಿಸ್ಲಾವ್ ಲೆಮ್ ಅವರ 'ಸೊಲಾರಿಸ್' (1961) ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದರಲ್ಲಿ ಒಂದು ಗ್ರಹವನ್ನು ಆವರಿಸಿದ ಸಮುದ್ರವೇ ಒಂದು ಜೀವಿ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ವಿಜ್ಞಾನಿಗಳು ಅದರ ಬೆನ್ನು ಹತ್ತಿದ್ದಾರೆ. ಗ್ರಂಥಾಲಯ ತುಂಬುವಷ್ಟು ಪುಸ್ತಕ ಬರೆದಿದ್ದಾರೆ. ಆದರೂ ಅದಕ್ಕೆ ನಮ್ಮ ಜೊತೆ ಮಾತು ಬೇಕೋ ಬೇಡವೋ ಎಂಬುದೇ ಬಗೆಹರಿದಿಲ್ಲ. ಅಲ್ಲಿಗೆ ಹೋದ ವಿಜ್ಞಾನಿ ಕೆಲ್ವಿನ್ ನಿದ್ದೆಯಿಂದ ಎದ್ದರೆ, ಎಂದೋ ತೀರಿಕೊಂಡ ಹೆಂಡತಿ ಎದುರಿಗಿದ್ದಾಳೆ. ಅವನ ನೆನಪಿನಿಂದಲೇ ಸಮುದ್ರ ಅವಳನ್ನು ಕಟ್ಟಿದೆ. ಹೆದರಿ ರಾಕೆಟ್ಟಿನಲ್ಲಿ ಕೂರಿಸಿ ಕಳಿಸಿಬಿಡುತ್ತಾನೆ. ಮತ್ತೆ ಬರುತ್ತಾಳೆ, ಹಿಂದಿನದೇನೂ ನೆನಪಿಲ್ಲದೆ. ಆಮೇಲೆ, ತಾನು ಆ ಹೆಂಗಸಲ್ಲ ಎಂಬುದು ನಿಧಾನವಾಗಿ ಅವಳಿಗೇ ತಿಳಿಯುತ್ತದೆ. ಆ ಪುಟಗಳನ್ನು ಓದುವಾಗ ನನಗೆ ಕೆಲ್ವಿನ್‌ಗಿಂತ ಅವಳ ಮೇಲೆಯೇ ಮರುಕ ಹುಟ್ಟಿತು. ಇದರಲ್ಲಿ ಯಾವ ಊಹೆ ನಿಜವಾಗಬೇಕು, ಹೇಳಿ?

ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್' (1979) ಕಾದಂಬರಿಯಲ್ಲಂತೂ ಯಂತ್ರವೇ ಇಲ್ಲ. 1976ರ ಕ್ಯಾಲಿಫೋರ್ನಿಯಾದ ಕಪ್ಪು ಹೆಂಗಸು ಡೇನಾ, ಗುಲಾಮಗಿರಿ ಇದ್ದ ಕಾಲದ ಮೇರಿಲ್ಯಾಂಡಿಗೆ ಮತ್ತೆ ಮತ್ತೆ ಎಳೆಯಲ್ಪಡುತ್ತಾಳೆ. ಹೇಗೆ ಅಂತ ಲೇಖಕಿ ವಿವರಿಸುವ ಗೋಜಿಗೇ ಹೋಗುವುದಿಲ್ಲ. ಅಲ್ಲಿ ಒಬ್ಬ ಬಿಳಿಯ ಜಮೀನ್ದಾರನ ಮಗನ ಜೀವ ಉಳಿಸಬೇಕು. ಯಾಕಂದರೆ ಅವನು ಅವಳ ಪೂರ್ವಜ, ಮುಂದೆ ಅವಳ ವಂಶ ಬೆಳೆಯುವುದು ಅವನಿಂದಲೇ. ಅವನೋ, ದೊಡ್ಡವನಾಗುತ್ತಾ ಅಪ್ಪನಂತೆಯೇ ಆಗುತ್ತಾನೆ.

'ಫ್ರಾಂಕೆನ್‌ಸ್ಟೈನ್' (1818) ಪಟ್ಟಿಯಲ್ಲಿದೆ, ಸಂತೋಷ. ಆದರೆ ಅದನ್ನು ಸುಮ್ನೆ ದೆವ್ವದ ಕಥೆಯಂತೆ ಎರಡು ಸಾಲಿನಲ್ಲಿ ಮುಗಿಸಲಾಗಿದೆ. ಮೇರಿ ಶೆಲ್ಲಿ ಅವರ ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ ಸೃಷ್ಟಿಸಿದ ಜೀವಿ ಮಾತು ಕಲಿಯುತ್ತದೆ, ಪುಸ್ತಕ ಓದುತ್ತದೆ, ನನ್ನನ್ನು ಹುಟ್ಟಿಸಿ ಯಾಕೆ ಬಿಟ್ಟು ಓಡಿದೆ ಎಂದು ತನ್ನನ್ನು ಮಾಡಿದವನನ್ನೇ ಕೇಳುತ್ತದೆ. ತಪ್ಪು ಯಾರದು ಎಂದು ಆಗ ಓದುಗ ಯೋಚಿಸಬೇಕಾಗುತ್ತದೆ, ಅಲ್ವಾ?

ಅರ್ಸುಲಾ ಲೆ ಗುಯಿನ್ ಅವರಂಥ ವೈಜ್ಞಾನಿಕ ಕಾದಂಬರಿಗಾರ್ತಿಯನ್ನು ಬಿಟ್ಟದ್ದಕ್ಕೆ ಇನ್ನೊಂದು ಪತ್ರವನ್ನೇ ಬರೆಯಬೇಕು.

ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ, ಯಾವುದರಿಂದ ಶುರು ಮಾಡಬೇಕು ಎಂದೂ ತಿಳಿಸಿ. 'ಸೊಲಾರಿಸ್' ನಡುವೆ ಸಮುದ್ರದ ವರ್ಣನೆ ಪುಟಗಟ್ಟಲೆ ಬರುತ್ತದೆ, ಹೊಸಬರು ಅಲ್ಲೇ ಪುಸ್ತಕ ಮುಚ್ಚಿಬಿಡಬಹುದು. ಅವರು ಮೊದಲು 'ಕಿಂಡ್ರೆಡ್' ಓದಲಿ.

ಇಂತಿ,
ಒಬ್ಬ ಓದುಗ