ರೂಪಕವೇ ವಾದವಾಗದಿರಲಿ

ಸಂಪಾದಕರೇ,

ಅಭಿಪ್ರಾಯ ಪುಟದ ಅಂಕಣಗಳಲ್ಲಿ ವಲಸಿಗರು ಪದೇ ಪದೇ ‘ಪ್ರವಾಹ’ವಾಗಿಯೇ ಬರುತ್ತಾರೆ. ಪ್ರವಾಹವೆಂದ ಮೇಲೆ ತಡೆಗೋಡೆ ಕಟ್ಟಬೇಕೆಂದು ಓದುಗನೇ ತೀರ್ಮಾನಿಸಿಬಿಡುತ್ತಾನೆ. ಅಂಕಣಕಾರ ಕಾರಣ ಕೊಡುವ ಗೋಜಿಗೇ ಹೋಗಬೇಕಿಲ್ಲ. ಬಂದವರು ಎಷ್ಟು ಜನ, ಏಕೆ ಊರು ಬಿಟ್ಟರು ಎಂಬುದನ್ನು ಯಾರೂ ಕೇಳುವುದಿಲ್ಲ.

ಇದು ಬರೀ ನನ್ನ ಗುಮಾನಿಯಲ್ಲ. ಮನೋವಿಜ್ಞಾನಿಗಳಾದ ಪಾಲ್ ಥಿಬೊಡೊ ಮತ್ತು ಲೆರಾ ಬೊರೊಡಿಟ್ಸ್ಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನಗರದ ಅಪರಾಧದ ಕುರಿತ ಬರಹವನ್ನು ಎರಡು ರೀತಿಯಲ್ಲಿ ಓದಿಸಿದರು. ಅಂಕಿ–ಅಂಶಗಳು ಅವೇ, ಒಂದರಲ್ಲಿ ಅಪರಾಧ ಕ್ರೂರಮೃಗ, ಇನ್ನೊಂದರಲ್ಲಿ ವೈರಾಣು. ಮೃಗವೆಂದು ಓದಿದವರು ಪೊಲೀಸು, ಜೈಲುಗಳತ್ತ ಹೆಚ್ಚು ವಾಲಿದರು. ವೈರಾಣು ಎಂದು ಓದಿದವರಲ್ಲಿ ಬಡತನ, ಶಿಕ್ಷಣದತ್ತ ಗಮನಹರಿಸಿ ಎಂದವರು ಹೆಚ್ಚಿದರು. ಕಳವಳದ ಸಂಗತಿಯೆಂದರೆ, ಹಾಗೇಕೆ ಯೋಚಿಸಿದಿರಿ ಎಂದಾಗ ಬಹುಪಾಲು ಮಂದಿ ಅಂಕಿ–ಅಂಶಗಳನ್ನೇ ತೋರಿಸಿದರು. ರೂಪಕದ ಹೆಸರೆತ್ತಿದವರು ತೀರಾ ವಿರಳ. ನಂತರದ ಕೆಲವು ಅಧ್ಯಯನಗಳಲ್ಲಿ ಈ ಪ್ರಭಾವ ಅಷ್ಟಾಗಿ ಕಾಣಲಿಲ್ಲ, ನಿಜ. ಆದರೂ ಸರ್ಕಾರಿ ನೀತಿಯ ಪ್ರಶ್ನೆಯಲ್ಲಿ ಅಷ್ಟಿಷ್ಟು ವಾಲಿಕೆಯೂ ಸಣ್ಣದಲ್ಲ.

ರೂಪಕವನ್ನು ಬಿಟ್ಟು ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಭಾಷೆ ಹಾಗೆ ನಡೆಯುವುದೂ ಇಲ್ಲ. ಆದರೆ ‘ಯುದ್ಧ’, ‘ಕ್ಯಾನ್ಸರ್’ ಎಂಬ ಪದಗಳನ್ನು ತೆಗೆದರೆ ಲೇಖನದಲ್ಲಿ ವಾದವೇ ಉಳಿಯದಿದ್ದರೆ, ದಯವಿಟ್ಟು ಅದನ್ನು ಲೇಖಕರಿಗೆ ಹಿಂದಿರುಗಿಸಿ.

– ಒಬ್ಬ ಓದುಗ