ಭಾನುವಾರ ಟೋಕಿಯೊದ ಮೇಜಿ ಜಿಂಗೂ ಗುಡಿಗೆ ಭೇಟಿ

ಎಲ್ಲರಿಗೂ ನಮಸ್ಕಾರ 🙏

ಹೆಸರು ಕೊಟ್ಟವರು ಭಾನುವಾರ ಬೆಳಿಗ್ಗೆ 8ಕ್ಕೆ ಹರಾಜುಕು ಸ್ಟೇಷನ್ ಹೊರಗೆ ಸೇರಿ. ತಡವಾದರೆ ವಿಪರೀತ ಜನ. ಪ್ರವೇಶಕ್ಕೆ ದುಡ್ಡಿಲ್ಲ.

1920ರಲ್ಲಿ ಕಟ್ಟಿದ ಈ ಶಿಂಟೋ (ಜಪಾನಿನ ಮೂಲ ಧರ್ಮ) ಗುಡಿಯ ಸುತ್ತಲಿನ ಕಾಡು ತಾನಾಗಿ ಬೆಳೆದದ್ದಲ್ಲ; ಜಪಾನಿನ ಮೂಲೆಮೂಲೆಯಿಂದ ಜನ ಕೊಟ್ಟ ಸುಮಾರು 1 ಲಕ್ಷ ಗಿಡ ನೆಟ್ಟು ಬೆಳೆಸಿದ್ದು. ಒಳಗೆ ಹೋದರೆ ನಂಬೋದೇ ಕಷ್ಟ!

ದಾರಿಯೆಲ್ಲ ಜಲ್ಲಿ, ಮಗುವಿನ ತಳ್ಳುಗಾಡಿಗೆ ಕಷ್ಟ. ಚಪ್ಪಲಿ ಬಿಡಬೇಕಿಲ್ಲ (ಅಜ್ಜಿಯಂದಿರಿಗೆ ಮೊದಲೇ ಹೇಳಿಡಿ).

ಗುಡಿಗೆ ಹೋಗುವ ಮುನ್ನ ಅಲ್ಲಿನ ನೀರಿನ ತೊಟ್ಟಿಯ ಹತ್ತಿರ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು ಬಾಯಿ ಮುಕ್ಕಳಿಸಿ. ನೀರು ತೆಗೆಯಲು ಸೌಟಿದ್ದರೆ ಅದನ್ನು ಎಂಜಲು ಮಾಡಬೇಡಿ. ಗುಡಿ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೊಮ್ಮೆ ಬಾಗಿ. ಕಾಯಿ, ಕರ್ಪೂರ ತರಬೇಡಿ.

ಚಿತ್ರಾನ್ನ ಪಕ್ಕದ ಯೊಯೊಗಿ ಪಾರ್ಕಿನಲ್ಲಿ. ಎಷ್ಟು ಜನ ಬರ್ತೀರಿ, ಶುಕ್ರವಾರದೊಳಗೆ ಇಲ್ಲೇ ತಿಳಿಸಿ.